ಹತ್ತಕ್ಕೊಂದು, ಹದಿನಾರಕ್ಕೊಂದು

ಐದನೇ ತರಗತಿಯಲ್ಲಿ ಒಮ್ಮೆ, ಹತ್ತನೇ ತರಗತಿಯಲ್ಲಿ ಇನ್ನೊಮ್ಮೆ ನಿಮ್ಮ ಶಾಲೆಗೆ ಆರೋಗ್ಯ ಕೇಂದ್ರದ ಸಿಸ್ಟರ್ ಬರುತ್ತಾರೆ. ಹೆಗಲಿಗೆ ಒಂದು ಡಬ್ಬಿ ನೇತುಹಾಕಿಕೊಂಡಿರುತ್ತಾರೆ. ಆ ಡಬ್ಬಿ ಕಂಡಿತೋ ಇಲ್ಲವೋ, ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನವರೆಗೆ ಸುದ್ದಿ ಓಡುತ್ತದೆ: 'ಇವತ್ತು ಇಂಜೆಕ್ಷನ್ ಅಂತೆ!' ಕೆಲವರು ಧೈರ್ಯವಾಗಿ ತೋಳು ಮಡಚಿಕೊಂಡು ಸಾಲಿನ ಮುಂದೆ ನಿಲ್ಲುತ್ತಾರೆ. ಕೆಲವರಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಶುರುವಾಗುತ್ತದೆ. ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: 'ಸಿಸ್ಟರ್, ಚಿಕ್ಕವರಿದ್ದಾಗಲೇ ನಮಗೆ ಎಲ್ಲ ಹಾಕಿಸಿದ್ದಾರಂತೆ. ಮತ್ತೆ ಯಾಕೆ?'

ಇದು ಒಳ್ಳೆಯ ಪ್ರಶ್ನೆ. 'ಸುಮ್ಮನೆ ಹಾಕಿಸ್ಕೋ' ಎಂದು ಬಾಯಿ ಮುಚ್ಚಿಸಬಾರದಂಥ ಪ್ರಶ್ನೆ. ನಿಧಾನವಾಗಿ ಉತ್ತರ ಹುಡುಕೋಣ.

ಮೊದಲು ಆ ಡಬ್ಬಿಯೊಳಗೆ ಇಣುಕಿ ನೋಡಿ. ಸುತ್ತಲೂ ಐಸ್ ಪ್ಯಾಕ್‌ಗಳು, ನಡುವೆ ಹೆಬ್ಬೆರಳಿನಷ್ಟು ಗಾತ್ರದ ಗಾಜಿನ ಸೀಸೆಗಳು. ಸೀಸೆಯ ತಳದಲ್ಲಿ ಬಿಳಿಯ ಗಸಿ ಕೂತಿರುತ್ತದೆ, ಮೇಲೆ ತಿಳಿನೀರು. ಸಿಸ್ಟರ್ ಅದನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿದಾಗ ಎಲ್ಲ ಬೆರೆತು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಬಿಳಿ ಪುಡಿ ಅಲ್ಯುಮಿನಿಯಂನ ಒಂದು ಲವಣ. ಲಸಿಕೆಯ ಅಸಲಿ ಅಂಶ ಅದಕ್ಕೆ ಅಂಟಿಕೊಂಡಿರುತ್ತದೆ. ಈ ಸೀಸೆಯನ್ನು ಯಾವಾಗಲೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಸೀಸೆಯ ಮೇಲೆ ನೇರಳೆ ಬಣ್ಣದ ಒಂದು ಪುಟ್ಟ ವೃತ್ತ, ಅದರೊಳಗೆ ತಿಳಿ ಬಣ್ಣದ ಒಂದು ಚೌಕ ಇರುತ್ತದೆ. ಬಿಸಿ ತಗಲಿದಷ್ಟೂ ಒಳಗಿನ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಚೌಕವೂ ವೃತ್ತವೂ ಒಂದೇ ಬಣ್ಣವಾದರೆ ಆ ಸೀಸೆಯನ್ನು ಬಳಸುವ ಹಾಗಿಲ್ಲ. ನಿಮ್ಮ ಸರದಿ ಬಂದಾಗ 'ಸಿಸ್ಟರ್, ಆ ಚೌಕ ತೋರಿಸ್ತೀರಾ?' ಎಂದು ಕೇಳಿ. ಖುಷಿಯಿಂದಲೇ ತೋರಿಸುತ್ತಾರೆ.

ಈ ಲಸಿಕೆಯ ಹೆಸರು ಟಿಡಿ. ಎರಡು ಕಾಯಿಲೆಗಳಿಗೆ ಒಂದೇ ಚುಚ್ಚುಮದ್ದು. ಒಂದು ಧನುರ್ವಾಯು ಅಥವಾ ಟೆಟನಸ್, ಇನ್ನೊಂದು ಗಂಟಲುಮಾರಿ ಅಥವಾ ಡಿಫ್ತೀರಿಯಾ. ಮೊದಲು ನಮ್ಮ ದೇಶದಲ್ಲಿ ದೊಡ್ಡ ಮಕ್ಕಳಿಗೆ ಟಿಟಿ ಎಂಬ ಧನುರ್ವಾಯು ಲಸಿಕೆ ಮಾತ್ರ ಕೊಡುತ್ತಿದ್ದರು. ನಿಮ್ಮ ಅಪ್ಪ ಅಮ್ಮನನ್ನು ಕೇಳಿದರೆ ಅವರು ಈಗಲೂ 'ಟಿಟಿ ಇಂಜೆಕ್ಷನ್' ಎಂದೇ ಹೇಳುತ್ತಾರೆ. 2019ರಿಂದ ಅದರ ಜಾಗಕ್ಕೆ ಟಿಡಿ ಬಂದಿದೆ. ಗಂಟಲುಮಾರಿಯನ್ನು ಯಾಕೆ ಸೇರಿಸಿದರು ಎನ್ನುವುದರಲ್ಲಿ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಡಗಿದೆ. ಅಲ್ಲಿಗೆ ಆಮೇಲೆ ಬರೋಣ.

ಈಗ ಮಣ್ಣಿನ ಕಡೆ ನೋಡೋಣ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಹೆಸರು ಕ್ಲಾಸ್ಟ್ರಿಡಿಯಂ ಟೆಟಾನಿ. ಹೊಲದ ಮಣ್ಣಿನಲ್ಲಿ, ಆಟದ ಮೈದಾನದಲ್ಲಿ, ರಸ್ತೆಯ ದೂಳಿನಲ್ಲಿ, ದನದ ಸಗಣಿಯಲ್ಲಿ, ಕುದುರೆಯ ಲದ್ದಿಯಲ್ಲಿ ಇದು ಇದ್ದೇ ಇರುತ್ತದೆ. ಆದರೆ ಗಾಳಿ ಕಂಡರೆ ಇದಕ್ಕೆ ಆಗುವುದಿಲ್ಲ. ಆಮ್ಲಜನಕ ಇರುವ ಕಡೆ ಇದು ಬೆಳೆಯಲಾರದು. ಹಾಗಾಗಿ ಗಟ್ಟಿ ಕವಚದ ಒಂದು ಬೀಜಕವಾಗಿ ಮಾರ್ಪಟ್ಟು ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಬಿಸಿಲಿಗೆ ಒಣಗಿದರೂ ಸಾಯುವುದಿಲ್ಲ, ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಹಾಕಿದರೂ ಸಾಯುವುದಿಲ್ಲ. ಕಾಲಿಗೆ ಆಳವಾಗಿ ಮೊಳೆಯೋ ಮುಳ್ಳೋ ನೆಟ್ಟಾಗ ಬೀಜಕ ಅದರ ಜೊತೆಗೆ ಒಳಗೆ ಹೋಗುತ್ತದೆ. ಹೊರಗೆ ಚರ್ಮ ಕೂಡಿಕೊಳ್ಳುತ್ತದೆ. ಒಳಗೆ ಗಾಳಿ ಆಡದ, ಕತ್ತಲೆಯ, ಬೆಚ್ಚಗಿನ ಜಾಗ. ಆಗ ಅದು ಚಿಗುರುತ್ತದೆ.

'ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಧನುರ್ವಾಯು ಬರುತ್ತೆ' ಎಂದು ಮನೆಯಲ್ಲಿ ಹೇಳುವುದನ್ನು ಕೇಳಿರುತ್ತೀರಿ. ತುಕ್ಕಿಗೂ ಕಾಯಿಲೆಗೂ ಸಂಬಂಧವಿಲ್ಲ. ತುಕ್ಕು ಹಿಡಿದ ಮೊಳೆ ಸಾಮಾನ್ಯವಾಗಿ ಮಣ್ಣಿನಲ್ಲಿ ಬಿದ್ದಿದ್ದ ಮೊಳೆ, ಅಷ್ಟೇ. ಮಣ್ಣು ಮೆತ್ತಿದ ಹೊಸ ಮೊಳೆಯೂ ಅಷ್ಟೇ ಅಪಾಯ, ಜಾಲಿಮುಳ್ಳೂ ಅಷ್ಟೇ ಅಪಾಯ. ತರಚುಗಾಯಕ್ಕಿಂತ ಚುಚ್ಚುಗಾಯಕ್ಕೆ ಹೆಚ್ಚು ಹೆದರಬೇಕಾದದ್ದು ಯಾಕೆ ಎಂಬುದೂ ಈಗ ನಿಮಗೆ ಹೊಳೆದಿರಬೇಕು.

ಗಾಳಿಗೆ ಆಗದ ಈ ಬ್ಯಾಕ್ಟೀರಿಯಾವನ್ನು ಹಿಡಿಯಲು ವಿಜ್ಞಾನಿಗಳು ಬಹಳ ಕಷ್ಟಪಟ್ಟರು. ಮಣ್ಣಿನಲ್ಲಿ ನೂರಾರು ಬಗೆಯ ಸೂಕ್ಷ್ಮಜೀವಿಗಳಿವೆ. ಇದೊಂದನ್ನೇ ಬೇರೆ ಮಾಡಿ ಬೆಳೆಸಲು ಸಾಧ್ಯವೇ ಇಲ್ಲ ಎಂದು ಕೆಲವು ದೊಡ್ಡವರು ತೀರ್ಮಾನಿಸಿಯೂ ಬಿಟ್ಟಿದ್ದರು. ಆಗ ಜರ್ಮನಿಯ ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಜಪಾನಿನಿಂದ ಬಂದ ಒಬ್ಬ ಯುವಕ ಕೆಲಸ ಮಾಡುತ್ತಿದ್ದರು. ಹೆಸರು ಶಿಬಾಸಾಬುರೊ ಕಿಟಾಸಾಟೊ. ಅವರು ಒಂದು ಜಾಣ ಉಪಾಯ ಮಾಡಿದರು. ಎಲ್ಲ ಸೂಕ್ಷ್ಮಜೀವಿಗಳೂ ಬೆರೆತಿದ್ದ ದ್ರವವನ್ನು 80 ಡಿಗ್ರಿಗೆ ಕಾಯಿಸಿ ಹಾಗೇ ಇಟ್ಟರು. ಮಿಕ್ಕವು ಸತ್ತವು, ಗಟ್ಟಿ ಕವಚದ ಬೀಜಕಗಳು ಉಳಿದುಕೊಂಡವು. ಆಮೇಲೆ ಪಾತ್ರೆಯಿಂದ ಗಾಳಿಯನ್ನು ಹೊರಹಾಕಿ ಹೈಡ್ರೋಜನ್ ತುಂಬಿ ಬೆಚ್ಚಗಿಟ್ಟರು. 1889ರಲ್ಲಿ ಮೊತ್ತಮೊದಲ ಬಾರಿಗೆ ಧನುರ್ವಾಯುವಿನ ಬ್ಯಾಕ್ಟೀರಿಯಾ ಒಂಟಿಯಾಗಿ ಬೆಳೆದು ಕಣ್ಣಿಗೆ ಬಿತ್ತು. ಶತ್ರುವಿನ ಶಕ್ತಿಯನ್ನೇ ಬಳಸಿ ಅದನ್ನು ಹಿಡಿದ ಈ ಉಪಾಯ ನನಗೆ ಯಾವಾಗ ಓದಿದರೂ ರೋಮಾಂಚನ ತರುತ್ತದೆ. 2024ರಿಂದ ಜಪಾನಿನ ಸಾವಿರ ಯೆನ್ ನೋಟಿನ ಮೇಲೆ ಇದೇ ಕಿಟಾಸಾಟೊ ಅವರ ಚಿತ್ರ ಇದೆ.

ಕಿಟಾಸಾಟೊ ಇನ್ನೊಂದು ವಿಚಿತ್ರವನ್ನು ಗಮನಿಸಿದರು. ಕಾಯಿಲೆ ಬಂದ ಪ್ರಾಣಿಯ ಮೈತುಂಬ ಹುಡುಕಿದರೂ ಈ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಅದು ಗಾಯದ ಜಾಗ ಬಿಟ್ಟು ಕದಲುವುದೇ ಇಲ್ಲ! ಹಾಗಾದರೆ ಕಾಲಿನ ಗಾಯದಲ್ಲಿ ಕೂತದ್ದು ದವಡೆಯನ್ನು ಹೇಗೆ ಬಿಗಿಯುತ್ತದೆ? ಅದು ಕೂತಲ್ಲೇ ಒಂದು ವಿಷ ತಯಾರಿಸುತ್ತದೆ. ಮೈಯೆಲ್ಲ ಓಡಾಡುವುದು ಆ ವಿಷ. ಅದು ನರಗಳ ತುದಿಯಿಂದ ಒಳಹೊಕ್ಕು, ನರದೊಳಗೇ ಮೇಲೇರಿ ಬೆನ್ನುಹುರಿ ಸೇರುತ್ತದೆ.

ನಿಮ್ಮ ಮೊಣಕೈಯನ್ನು ಒಮ್ಮೆ ಮಡಚಿ ನೋಡಿ. ತೋಳಿನ ಮುಂದಿನ ಸ್ನಾಯು ಬಿಗಿಯಾಗುತ್ತದೆ, ಅದೇ ಹೊತ್ತಿಗೆ ಹಿಂದಿನ ಸ್ನಾಯು ಸಡಿಲವಾಗುತ್ತದೆ. 'ನೀನು ಬಿಗಿ' ಎಂದು ಒಂದಕ್ಕೆ ಆಜ್ಞೆ ಹೋಗುವಾಗ 'ನೀನು ಸಡಿಲಾಗು' ಎಂದು ಇನ್ನೊಂದಕ್ಕೂ ಏರ್ಪಾಡಾಗುತ್ತದೆ. ಧನುರ್ವಾಯುವಿನ ವಿಷ ಈ 'ಸಡಿಲಾಗು' ಎಂಬ ಸಂದೇಶವನ್ನು ನಿಲ್ಲಿಸಿಬಿಡುತ್ತದೆ. ಆಗ ಎಲ್ಲ ಸ್ನಾಯುಗಳೂ ಒಟ್ಟಿಗೆ ಬಿಗಿಯುತ್ತವೆ. ಮುಖದ ನರಗಳು ಗಿಡ್ಡವಾಗಿರುವುದರಿಂದ ಅಲ್ಲಿಗೆ ವಿಷ ಬೇಗ ತಲುಪುತ್ತದೆ. ಹಾಗಾಗಿ ಮೊದಲು ದವಡೆ ಕಚ್ಚಿಕೊಳ್ಳುತ್ತದೆ, ಬಾಯಿ ತೆರೆಯಲು ಬರುವುದಿಲ್ಲ. ಆಮೇಲೆ ಕುತ್ತಿಗೆ, ಬೆನ್ನು. ಒಂದು ಸದ್ದಾದರೂ, ಬೆಳಕು ಬಿದ್ದರೂ ಮೈ ಸೆಟೆದುಕೊಳ್ಳುತ್ತದೆ. ಇಷ್ಟೆಲ್ಲ ಆಗುವಾಗ ರೋಗಿಗೆ ಪೂರ್ತಿ ಎಚ್ಚರ ಇರುತ್ತದೆ. ಓದಲು ಭಯವಾಗುತ್ತದೆ, ನಿಜ. ಇದು ಬಾರದಂತೆ ತಡೆಯುವ ದಾರಿ ನಮ್ಮ ಕೈಯಲ್ಲಿದೆ ಎಂಬುದಕ್ಕಾಗಿಯೇ ಇದನ್ನು ಬಿಚ್ಚಿ ಹೇಳುತ್ತಿದ್ದೇನೆ.

ಇನ್ನು ಗಂಟಲುಮಾರಿ. ಇದು ಮಣ್ಣಿನಿಂದ ಬರುವುದಲ್ಲ, ಮನುಷ್ಯರಿಂದ ಮನುಷ್ಯರಿಗೆ ಕೆಮ್ಮಿನಲ್ಲಿ, ಸೀನಿನಲ್ಲಿ ಹರಡುವುದು. ಗಂಟಲಿನಲ್ಲಿ ಕೂತ ಬ್ಯಾಕ್ಟೀರಿಯಾ ಸುತ್ತಲಿನ ಜೀವಕೋಶಗಳನ್ನು ಕೊಲ್ಲುತ್ತದೆ. ಸತ್ತ ಕೋಶಗಳೆಲ್ಲ ಸೇರಿ ಬೂದು ಬಣ್ಣದ ದಪ್ಪ ಪೊರೆಯಾಗಿ ಗಂಟಲಿಗೆ ಅಂಟಿಕೊಳ್ಳುತ್ತವೆ. ಕೀಳಹೋದರೆ ರಕ್ತ ಬರುತ್ತದೆ. ಪುಟ್ಟ ಮಕ್ಕಳ ಉಸಿರಿನ ದಾರಿ ಸಣ್ಣದು, ಅದನ್ನೇ ಪೊರೆ ಮುಚ್ಚಿಬಿಡಬಹುದು. ವಿಷ ರಕ್ತಕ್ಕೆ ಸೇರಿದರೆ ಹೃದಯಕ್ಕೂ ಪೆಟ್ಟು. ಗಂಟಲು ವಾಸಿಯಾಯಿತು ಎಂದುಕೊಳ್ಳುವಾಗ ಹೃದಯ ಕೈಕೊಟ್ಟದ್ದೂ ಉಂಟು.

ಇಲ್ಲಿ ನಿಮಗೆ ಇಷ್ಟವಾಗುವಂಥ ಒಂದು ಸಂಗತಿ ಇದೆ. ಡಿಫ್ತೀರಿಯಾ ಬ್ಯಾಕ್ಟೀರಿಯಾ ಹುಟ್ಟಿನಿಂದಲೇ ಕೆಟ್ಟದ್ದಲ್ಲ. ಬ್ಯಾಕ್ಟೀರಿಯಾಗಳಿಗೂ ಸೋಂಕು ತಗಲಿಸುವ ವೈರಸ್‌ಗಳಿವೆ. ಅಂಥ ಒಂದು ವೈರಸ್ ಬಂದು ಇದರೊಳಗೆ ಮನೆ ಮಾಡಿದರೆ ಮಾತ್ರ ಇದು ಆ ವಿಷ ತಯಾರಿಸಬಲ್ಲದು. ವಿಷದ ಸೂತ್ರ ಇರುವುದು ವೈರಸ್‌ನ ಬಳಿ. ನಮಗೆ ಕಾಯಿಲೆ ತರುವ ಬ್ಯಾಕ್ಟೀರಿಯಾಗೇ ಒಂದು ಸೋಂಕು! ಅಮೆರಿಕದ ವಿಕ್ಟರ್ ಫ್ರೀಮನ್ 1951ರಲ್ಲಿ ಇದನ್ನು ಪತ್ತೆ ಮಾಡಿದರು.

ಎರಡೂ ಕಾಯಿಲೆಗಳಲ್ಲಿ ನಿಜವಾದ ಕೊಲೆಗಾರ ವಿಷವೇ ಎಂಬುದು ಗೊತ್ತಾದ ಮೇಲೆ ವಿಜ್ಞಾನಿಗಳ ಯೋಚನೆ ಬದಲಾಯಿತು. ಕಿಟಾಸಾಟೊ ಮತ್ತು ಅವರ ಸಹೋದ್ಯೋಗಿ ಎಮಿಲ್ ಬೆಹ್ರಿಂಗ್ ಒಂದು ಮೊಲವನ್ನು ಹಂತಹಂತವಾಗಿ ಧನುರ್ವಾಯುವನ್ನು ತಡೆದುಕೊಳ್ಳುವಂತೆ ಸಿದ್ಧಮಾಡಿದರು. ಆ ಮೊಲದ ರಕ್ತವನ್ನು ಸ್ವಲ್ಪವೇ ತೆಗೆದು ಇಲಿಗಳಿಗೆ ಚುಚ್ಚಿದರು. ಮಾರನೇ ದಿನ ಆ ಇಲಿಗಳಿಗೂ ಬೇರೆ ಇಲಿಗಳಿಗೂ ಧನುರ್ವಾಯುವಿನ ಬ್ಯಾಕ್ಟೀರಿಯಾ ಕೊಟ್ಟರು. ಬೇರೆ ಇಲಿಗಳು ಸತ್ತವು, ಮೊಲದ ರಕ್ತ ಪಡೆದವು ಆರಾಮಾಗಿ ಓಡಾಡಿಕೊಂಡಿದ್ದವು. ಅಂದರೆ ಆ ರಕ್ತದಲ್ಲಿ ವಿಷವನ್ನು ಹಿಡಿದು ಸುಮ್ಮನಾಗಿಸುವ ಏನೋ ಒಂದು ವಸ್ತು ಇತ್ತು. ಇಂದು ನಾವು ಅದನ್ನು ಪ್ರತಿಕಾಯ ಎನ್ನುತ್ತೇವೆ. 1890ರ ಡಿಸೆಂಬರ್‌ನಲ್ಲಿ ಇಬ್ಬರೂ ಸೇರಿ ಇದನ್ನು ಪ್ರಕಟಿಸಿದರು. 1901ರಲ್ಲಿ ವೈದ್ಯಕೀಯದ ಮೊತ್ತಮೊದಲ ನೊಬೆಲ್ ಬಹುಮಾನ ಬೆಹ್ರಿಂಗ್‌ಗೆ ಬಂತು, ಕಿಟಾಸಾಟೊಗೆ ಬರಲಿಲ್ಲ. ಅದು ನ್ಯಾಯವಾಗಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಮುಂದೆ ಕುದುರೆಗಳಲ್ಲಿ ಇಂಥ ಪ್ರತಿಕಾಯಗಳನ್ನು ಬೆಳೆಸಿ, ಅವುಗಳ ರಕ್ತದಿಂದ ಔಷಧ ತಯಾರಿಸಿ ಗಂಟಲುಮಾರಿ ಬಂದ ಮಕ್ಕಳಿಗೆ ಕೊಡತೊಡಗಿದರು. ಈಗಲೂ ಅದೇ ಔಷಧ ಕೊಡುತ್ತಾರೆ. ಆದರೆ ಎರವಲು ತಂದ ಪ್ರತಿಕಾಯ ಕೆಲವೇ ವಾರ ಇರುತ್ತದೆ, ಆಮೇಲೆ ಕರಗಿಹೋಗುತ್ತದೆ. ನಮ್ಮ ಮೈಯೇ ಅದನ್ನು ತಯಾರಿಸುವಂತೆ ಮಾಡಬೇಕು. ಅದಕ್ಕೆ ಮೈಗೆ ವಿಷವನ್ನು ತೋರಿಸಬೇಕು. ವಿಷ ಕೊಟ್ಟರೆ ಮನುಷ್ಯ ಉಳಿಯಬೇಕಲ್ಲ?

ಈ ಗಂಟನ್ನು ಬಿಚ್ಚಿದವರು ಫ್ರಾನ್ಸಿನ ಗ್ಯಾಸ್ಟನ್ ರಾಮನ್. ಅವರು ಪಶುವೈದ್ಯರು, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ. 1923ರ ಹೊತ್ತಿಗೆ ಅವರು ಡಿಫ್ತೀರಿಯಾ ವಿಷಕ್ಕೆ ಸ್ವಲ್ಪ ಫಾರ್ಮಲಿನ್ ಬೆರೆಸಿ ಕೆಲವು ವಾರ ಬೆಚ್ಚಗಿಟ್ಟು ನೋಡಿದರು. ವಿಷದ ಆಕಾರ ಹೆಚ್ಚುಕಡಿಮೆ ಹಾಗೇ ಉಳಿಯಿತು, ಕೊಲ್ಲುವ ಶಕ್ತಿ ಹೋಯಿತು. ನಮ್ಮ ಮೈ ಗುರುತು ಹಿಡಿಯುವುದು ಆಕಾರವನ್ನು. ಹಾಗಾಗಿ ಈ ಹಲ್ಲು ಕಿತ್ತ ವಿಷವನ್ನು ಕೊಟ್ಟರೂ ಅದು ಅಸಲಿ ವಿಷಕ್ಕೆ ಬೇಕಾದ ಪ್ರತಿಕಾಯವನ್ನೇ ತಯಾರಿಸುತ್ತದೆ. ಇದಕ್ಕೆ ಟಾಕ್ಸಾಯ್ಡ್ ಎಂದು ಹೆಸರು. ಧನುರ್ವಾಯುವಿನ ವಿಷವನ್ನೂ ಹೀಗೆಯೇ ಪಳಗಿಸಿದರು. ರಾಮನ್ ಅವರ ಹೆಸರನ್ನು ನೊಬೆಲ್ ಬಹುಮಾನಕ್ಕೆ 155 ಬಾರಿ ಸೂಚಿಸಿದ್ದರು, ಒಮ್ಮೆಯೂ ಸಿಗಲಿಲ್ಲ. ಆದರೆ ನಿಮ್ಮ ಶಾಲೆಗೆ ಬಂದ ಸೀಸೆಯಲ್ಲಿರುವುದು ಅವರು ಕಂಡುಹಿಡಿದ ವಸ್ತುವೇ. ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲ, ಸತ್ತದ್ದೂ ಇಲ್ಲ, ಬದುಕಿರುವುದೂ ಇಲ್ಲ. ಹಾಗಾಗಿ ಈ ಲಸಿಕೆಯಿಂದ ಧನುರ್ವಾಯುವಾಗಲಿ ಗಂಟಲುಮಾರಿಯಾಗಲಿ ಬರಲು ಸಾಧ್ಯವೇ ಇಲ್ಲ.

ಈಗ ಸೂಜಿ ನಿಮ್ಮ ತೋಳಿಗೆ ಬಂತು ಎಂದುಕೊಳ್ಳಿ. ಔಷಧ ಅರ್ಧ ಎಂಎಲ್ ಮಾತ್ರ. ತೋಳಿನ ಮೇಲ್ಭಾಗದ ಸ್ನಾಯುವಿನೊಳಗೆ ಅದು ಇಳಿಯುತ್ತದೆ. ಬಿಳಿ ಪುಡಿಗೆ ಅಂಟಿಕೊಂಡ ಟಾಕ್ಸಾಯ್ಡ್ ತಕ್ಷಣ ಚದುರಿಹೋಗದೆ ಅಲ್ಲೇ ಸ್ವಲ್ಪ ಕಾಲ ನಿಲ್ಲುತ್ತದೆ. 'ಇಲ್ಲೇನೋ ಹೊಸದು ಬಂದಿದೆ' ಎಂದು ಕಾವಲು ಕೋಶಗಳು ಅಲ್ಲಿಗೆ ಧಾವಿಸುತ್ತವೆ. ಅದಕ್ಕೇ ಆ ಜಾಗ ಕೆಂಪಗಾಗಿ, ಊದಿ, ಒಂದೆರಡು ದಿನ ನೋಯುವುದು. ಕಾವಲು ಕೋಶಗಳು ಟಾಕ್ಸಾಯ್ಡಿನ ಚೂರುಗಳನ್ನು ಎತ್ತಿಕೊಂಡು ಕಂಕುಳಿನ ಹತ್ತಿರ ಇರುವ ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ. ಅಲ್ಲಿ ಲಕ್ಷಾಂತರ ಬಗೆಯ ಬಿಳಿ ರಕ್ತಕಣಗಳಿವೆ. ಯಾವುದಕ್ಕೆ ಈ ಆಕಾರ ಹೊಂದುತ್ತದೋ ಆ ಕಣ ಮಾತ್ರ ಎಚ್ಚೆತ್ತು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಅವುಗಳಲ್ಲಿ ಕೆಲವು ಪ್ರತಿಕಾಯ ತಯಾರಿಸುವ ಕೋಶಗಳಾಗುತ್ತವೆ. ಇನ್ನು ಕೆಲವು ನೆನಪಿನ ಕೋಶಗಳಾಗಿ ವರ್ಷಗಟ್ಟಲೆ ಮೈಯಲ್ಲಿ ಉಳಿಯುತ್ತವೆ.

ನೀವು ಶಿಶುವಾಗಿದ್ದಾಗ ಇದು ಮೊದಲ ಬಾರಿ ನಡೆಯಿತು. ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ಒಂದೊಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು, ಐದಾರು ವರ್ಷಕ್ಕೆ ಮತ್ತೊಂದು. ಹತ್ತು ವರ್ಷಕ್ಕೆ ಬರುವುದು ಆರನೆಯದು, ಹದಿನಾರಕ್ಕೆ ಏಳನೆಯದು. ಅಷ್ಟೊಂದು ಯಾಕೆ?

ಹದಿಮೂರರ ಮಗ್ಗಿಯನ್ನು ನೆನಪು ಮಾಡಿಕೊಳ್ಳಿ. ಮೊದಲ ಸಲ ಬಾಯಿಪಾಠ ಮಾಡಲು ವಾರ ಹಿಡಿಯಿತು. ಬೇಸಿಗೆ ರಜೆ ಮುಗಿಸಿ ಬಂದಾಗ ಹದಿಮೂರು ಏಳಲೆ ಎಂದರೆ ತಡವರಿಸಿದಿರಿ. ಆದರೆ ಎರಡನೇ ಸಲ ಕಲಿಯಲು ವಾರ ಬೇಕಾಗಲಿಲ್ಲ, ಒಂದು ಸಂಜೆ ಸಾಕಾಯಿತು. ಪ್ರತಿ ವರ್ಷ ಒಮ್ಮೆ ಒಪ್ಪಿಸಿದರೆ ಆಮೇಲೆ ಅದು ಮರೆಯುವುದೇ ಇಲ್ಲ. ಮೈಯೂ ಹೀಗೆಯೇ. ಮೊದಲ ಸಲ ಒಂದು ವಿಷದ ಗುರುತು ಸಿಕ್ಕಾಗ ಪ್ರತಿಕಾಯ ತಯಾರಾಗಲು ಹತ್ತು ಹದಿನೈದು ದಿನ ಬೇಕು, ತಯಾರಾದದ್ದೂ ಸ್ವಲ್ಪವೇ. ಮುಂದಿನ ಸಲ ನೆನಪಿನ ಕೋಶಗಳು ಒಂದು ವಾರದೊಳಗೆ, ಹಲವು ಪಟ್ಟು ಹೆಚ್ಚು ಪ್ರತಿಕಾಯ ಸುರಿಸುತ್ತವೆ. ಅದೂ ಮೊದಲಿಗಿಂತ ಗಟ್ಟಿಯಾಗಿ ವಿಷವನ್ನು ಹಿಡಿಯುವಂಥದ್ದು.

'ನೆನಪಿನ ಕೋಶಗಳು ಇವೆಯಲ್ಲ, ಕಾಯಿಲೆ ಬಂದಾಗ ಅವೇ ಎಚ್ಚೆತ್ತುಕೊಳ್ಳಲಿ, ಮತ್ತೆ ಸೂಜಿ ಯಾಕೆ' ಎಂದು ನೀವು ಕೇಳಬಹುದು. ಧನುರ್ವಾಯುವಿನ ವಿಷ ಅಷ್ಟು ಸಮಯ ಕೊಡುವುದಿಲ್ಲ. ಒಮ್ಮೆ ಅದು ನರದೊಳಗೆ ಹೊಕ್ಕರೆ ಪ್ರತಿಕಾಯಕ್ಕೆ ಅಲ್ಲಿಗೆ ಪ್ರವೇಶವಿಲ್ಲ. ಹೊರಗೆ ಎಷ್ಟೇ ಇದ್ದರೂ ಪ್ರಯೋಜನವಿಲ್ಲ. ಮೇಷ್ಟ್ರು ಕೇಳಿದ ಕ್ಷಣವೇ ಉತ್ತರ ಬಾಯಲ್ಲಿರಬೇಕು, 'ನಾಳೆ ನೆನಪಿಸಿಕೊಂಡು ಹೇಳ್ತೀನಿ' ಎಂದರೆ ನಡೆಯದು. ವಿಷ ಹುಟ್ಟುವ ಹೊತ್ತಿಗೆ ಪ್ರತಿಕಾಯ ರಕ್ತದಲ್ಲಿ ಓಡಾಡುತ್ತಿರಬೇಕು. ವರ್ಷಗಳು ಕಳೆದಂತೆ ಅದು ಕಡಿಮೆಯಾಗುತ್ತಾ ಬರುತ್ತದೆ. ಹತ್ತು ಮತ್ತು ಹದಿನಾರನೇ ವರ್ಷದ ಚುಚ್ಚುಮದ್ದು ಅದನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ, ಬಹಳ ವರ್ಷ ಬಾಳುವಷ್ಟು ಮೇಲಕ್ಕೆ.

ಇನ್ನೊಂದು ಆಶ್ಚರ್ಯ ಕೇಳಿ. ಒಮ್ಮೆ ಸಿಡುಬು ಬಂದು ಉಳಿದವರಿಗೆ ಮತ್ತೆ ಸಿಡುಬು ಬರುತ್ತಿರಲಿಲ್ಲ. ಧನುರ್ವಾಯು ಬಂದು ವಾಸಿಯಾದವರಿಗೆ ಅದು ಮತ್ತೆ ಬರಬಹುದು. ಕಾರಣ, ಮನುಷ್ಯನನ್ನು ಕೊಲ್ಲಲು ಬೇಕಾದ ವಿಷದ ಪ್ರಮಾಣ ಅಷ್ಟು ಕಡಿಮೆ. ಒಂದು ಉಪ್ಪಿನ ಹರಳನ್ನು ನೂರು ಚೂರು ಮಾಡಿದರೆ ಒಂದು ಚೂರು ಎಷ್ಟು ತೂಗುತ್ತದೋ ಅದಕ್ಕಿಂತಲೂ ಕಡಿಮೆ. ಅಷ್ಟು ಚಿಕ್ಕದು ಮೈಯ ಕಾವಲು ಕೋಶಗಳ ಗಮನಕ್ಕೇ ಬರುವುದಿಲ್ಲ, ಹಾಗಾಗಿ ನೆನಪೂ ಉಳಿಯುವುದಿಲ್ಲ. ಲಸಿಕೆಯಲ್ಲಾದರೋ ಟಾಕ್ಸಾಯ್ಡ್ ಬೇಕಾದಷ್ಟು ಇರುತ್ತದೆ. ಈ ಒಂದು ವಿಷಯದಲ್ಲಿ ಕಾಯಿಲೆಗಿಂತ ಲಸಿಕೆಯೇ ಒಳ್ಳೆಯ ಗುರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆಲ್ಲ ಈ ಲಸಿಕೆ ಹಾಕಿಸಿದ್ದರು. ಗಾಯಗೊಂಡು ಆಸ್ಪತ್ರೆ ಸೇರಿದ ಪ್ರಕರಣಗಳು 27 ಲಕ್ಷಕ್ಕೂ ಹೆಚ್ಚು, ಧನುರ್ವಾಯು ಬಂದದ್ದು 12 ಜನರಿಗೆ.

ಈಗ ಬಾಕಿ ಇಟ್ಟ ಮಾತಿಗೆ ಬರೋಣ. ದೊಡ್ಡ ಮಕ್ಕಳಿಗೆ ಗಂಟಲುಮಾರಿ ಲಸಿಕೆ ಯಾಕೆ ಸೇರಿಸಿದರು?

ಬೇಲಾ ಶಿಕ್ ಎಂಬ ವೈದ್ಯರು 1913ರಲ್ಲಿ ಒಂದು ಪರೀಕ್ಷೆ ಕಂಡುಹಿಡಿದರು. ಡಿಫ್ತೀರಿಯಾ ವಿಷವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಚರ್ಮದೊಳಗೆ ಚುಚ್ಚುವುದು. ಆ ಜಾಗ ಕೆಂಪಗೆ ಊದಿದರೆ ಮೈಯಲ್ಲಿ ಪ್ರತಿಕಾಯ ಇಲ್ಲ ಎಂದರ್ಥ, ಏನೂ ಆಗದಿದ್ದರೆ ಇದೆ ಎಂದರ್ಥ. ಆ ಕಾಲದಲ್ಲಿ ಲಸಿಕೆಯೇ ಇರಲಿಲ್ಲ. ಆದರೂ ದೊಡ್ಡವರಲ್ಲಿ ಬಹಳ ಜನರಿಗೆ ಏನೂ ಆಗುತ್ತಿರಲಿಲ್ಲ! ಬೀದಿಯಲ್ಲಿ, ಸಂತೆಯಲ್ಲಿ, ಶಾಲೆಯಲ್ಲಿ ಆ ಬ್ಯಾಕ್ಟೀರಿಯಾ ಎಲ್ಲೆಲ್ಲೂ ಇದ್ದುದರಿಂದ ಕಾಯಿಲೆ ಬೀಳದೆಯೇ ಅದರ ಪರಿಚಯ ಮತ್ತೆ ಮತ್ತೆ ಆಗುತ್ತಿತ್ತು. ಆ ಪರಿಚಯಕ್ಕೆ ತೆತ್ತ ಬೆಲೆ ಮಾತ್ರ ಸಾವಿರಾರು ಎಳೆಯ ಮಕ್ಕಳ ಪ್ರಾಣ. ಲಸಿಕೆ ಬಂದ ಮೇಲೆ ಬ್ಯಾಕ್ಟೀರಿಯಾ ಅಪರೂಪವಾಯಿತು. ಅದು ತುಂಬ ಒಳ್ಳೆಯದೇ ಆಯಿತು. ಆದರೆ ಮೈಗೆ ನೆನಪಿಸುವವರು ಯಾರೂ ಇಲ್ಲವಾದರು. ಶಿಶುವಾಗಿದ್ದಾಗ ಲಸಿಕೆ ಪಡೆದವರು ಹರೆಯಕ್ಕೆ ಬರುವ ಹೊತ್ತಿಗೆ ರಕ್ಷಣೆ ಸವೆದಿರುತ್ತಿತ್ತು.

ಇದರ ಫಲ ಕಂಡದ್ದು ಸೋವಿಯತ್ ಒಕ್ಕೂಟ ಒಡೆದಾಗ. 1990ರ ದಶಕದಲ್ಲಿ ರಷ್ಯಾ ಮತ್ತು ನೆರೆಯ ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಗಂಟಲುಮಾರಿ ಬಂತು, ಸುಮಾರು 5,000 ಜನ ತೀರಿಕೊಂಡರು. ಮಕ್ಕಳ ಲಸಿಕೆ ಕಾರ್ಯಕ್ರಮ ಸಡಿಲವಾಗಿತ್ತು, ಅದು ಒಂದು ಕಾರಣ. ಆದರೆ ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು 15 ವರ್ಷ ದಾಟಿದವರು. ಎಳೆಮಕ್ಕಳ ಕಾಯಿಲೆ ಎಂದುಕೊಂಡಿದ್ದದ್ದು ದೊಡ್ಡವರನ್ನು ಹುಡುಕಿಕೊಂಡು ಬಂದಿತ್ತು. ನಮ್ಮ ನೆರೆಯ ಕೇರಳದಲ್ಲಿ 2016ರಲ್ಲಿ ಗಂಟಲುಮಾರಿ ಮತ್ತೆ ತಲೆ ಎತ್ತಿದಾಗಲೂ ಸಿಕ್ಕಿಬಿದ್ದವರಲ್ಲಿ ಹತ್ತು ವರ್ಷ ದಾಟಿದವರೇ ಹೆಚ್ಚು. ಟಿಟಿ ಹೋಗಿ ಟಿಡಿ ಬಂದದ್ದು ಇಂಥ ಪಾಠಗಳಿಂದ. ಎಳೆಮಕ್ಕಳ ಲಸಿಕೆಯಲ್ಲಿ ಇರುವುದಕ್ಕಿಂತ ಬಹಳ ಕಡಿಮೆ ಡಿಫ್ತೀರಿಯಾ ಅಂಶ ಟಿಡಿಯಲ್ಲಿದೆ. ದೊಡ್ಡ ಮಕ್ಕಳ ಮೈಗೆ ನೆನಪಿಸಲು ಅಷ್ಟು ಸಾಕು, ತೋಳು ಊದುವುದೂ ಕಡಿಮೆ.

ಒಂದೇ ಸೀಸೆಯಲ್ಲಿರುವ ಈ ಎರಡು ಲಸಿಕೆಗಳ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಗಂಟಲುಮಾರಿ ಮನುಷ್ಯರಿಂದ ಹರಡುವುದರಿಂದ ತರಗತಿಯ ಎಲ್ಲರೂ ಲಸಿಕೆ ಪಡೆದರೆ ಕಾಯಿಲೆಗೆ ದಾರಿ ಮುಚ್ಚುತ್ತದೆ. ಮನೆಯಲ್ಲಿರುವ ಇನ್ನೂ ಲಸಿಕೆ ಆಗದ ತಂಗಿಗೂ ನಿಮ್ಮಿಂದ ರಕ್ಷಣೆ ಸಿಗುತ್ತದೆ. ಧನುರ್ವಾಯು ಹಾಗಲ್ಲ. ಇಡೀ ಊರಿಗೆ ಊರೇ ಲಸಿಕೆ ಪಡೆದು ನೀವೊಬ್ಬರು ತಪ್ಪಿಸಿಕೊಂಡರೂ ಮಣ್ಣಿನಲ್ಲಿರುವ ಬೀಜಕ ಅಲ್ಲೇ ಇರುತ್ತದೆ. ಅದನ್ನು ಭೂಮಿಯಿಂದ ಅಳಿಸಲು ಯಾರಿಗೂ ಆಗದು. ನಿಮ್ಮ ರಕ್ಷಣೆ ನಿಮ್ಮ ರಕ್ತದಲ್ಲೇ ಇರಬೇಕು.

ಹಾಗೆ ತಮ್ಮದೇ ಆದ ರಕ್ಷಣೆ ಇಲ್ಲದೆ ಹುಟ್ಟುವವರು ನವಜಾತ ಶಿಶುಗಳು. ಹೊಕ್ಕುಳಬಳ್ಳಿಯನ್ನು ಶುಚಿಯಿಲ್ಲದ ಬ್ಲೇಡಿನಿಂದ ಕತ್ತರಿಸಿ, ಮೇಲೆ ಸಗಣಿಯನ್ನೋ ಬೂದಿಯನ್ನೋ ಮೆತ್ತುವ ರೂಢಿ ಹಿಂದೆ ಹಲವು ಕಡೆ ಇತ್ತು. ಹುಟ್ಟಿದ ಒಂದು ವಾರಕ್ಕೆ ಮಗು ಹಾಲು ಕುಡಿಯುವುದನ್ನೇ ನಿಲ್ಲಿಸುತ್ತಿತ್ತು. 1988ರಲ್ಲಿ ಜಗತ್ತಿನಾದ್ಯಂತ ಧನುರ್ವಾಯುವಿನಿಂದ ಸತ್ತ ನವಜಾತ ಶಿಶುಗಳು ಸುಮಾರು 7,87,000 ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಈ ಸಂಖ್ಯೆಯನ್ನು ಬರೆಯುವಾಗ ಕೈ ತಡೆಯುತ್ತದೆ. ತಾಯಿಗೆ ಬಸಿರಿನಲ್ಲಿ ಲಸಿಕೆ ಕೊಟ್ಟರೆ ಆಕೆಯ ಪ್ರತಿಕಾಯ ಮಾಸಿನ ಮೂಲಕ ಮಗುವಿನ ರಕ್ತಕ್ಕೆ ಇಳಿಯುತ್ತದೆ. ಲಸಿಕೆ, ಆಸ್ಪತ್ರೆಯಲ್ಲಿ ಹೆರಿಗೆ, ಆಶಾ ಕಾರ್ಯಕರ್ತೆಯರ ಓಡಾಟ ಎಲ್ಲ ಸೇರಿ ನಮ್ಮ ದೇಶದ ಪ್ರತಿ ಜಿಲ್ಲೆಯಲ್ಲೂ ಶಿಶುಗಳ ಧನುರ್ವಾಯು ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆಗೆ ಇಳಿಯಿತು. 2015ರಲ್ಲಿ ಭಾರತ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶ ಎಂದು ಮನ್ನಣೆ ಪಡೆಯಿತು. ಇದು ನಮ್ಮ ಕಾಲದ ಅತಿ ದೊಡ್ಡ ಸಾಧನೆಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ. ನಿಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೊಂದು ಪುಟ ಇದ್ದರೆ ಚೆನ್ನಾಗಿತ್ತು.

ಕೊನೆಗೆ ಕೆಲವು ಬಳಕೆಯ ಮಾತು. ಇಂಜೆಕ್ಷನ್ ದಿನ ತಿಂಡಿ ತಿಂದುಕೊಂಡೇ ಶಾಲೆಗೆ ಹೋಗಿ. ಹರೆಯದ ಮಕ್ಕಳಲ್ಲಿ ಕೆಲವರಿಗೆ ಸೂಜಿ ಕಂಡರೆ ತಲೆ ಸುತ್ತುತ್ತದೆ. ಅದು ಔಷಧದಿಂದಲ್ಲ, ಗಾಬರಿಯಿಂದ. ಕೂತುಕೊಂಡು ಹಾಕಿಸಿಕೊಳ್ಳಿ, ಆಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಜೋರು ಜ್ವರವಿದ್ದರೆ, ಹಿಂದೆ ಯಾವುದಾದರೂ ಲಸಿಕೆಯಿಂದ ಅಲರ್ಜಿ ಆಗಿದ್ದರೆ ಮೊದಲೇ ಸಿಸ್ಟರ್‌ಗೆ ಹೇಳಿ. ನೋಯುವ ತೋಳನ್ನು ಉಜ್ಜಬೇಡಿ, ಆದರೆ ಆಡಿಸುತ್ತಿರಿ. ಮೊಳೆಯೋ ಮುಳ್ಳೋ ಆಳವಾಗಿ ಚುಚ್ಚಿದರೆ ಲಸಿಕೆ ಆಗಿದ್ದರೂ ಮನೆಯಲ್ಲಿ ಮುಚ್ಚಿಡದೆ ಹೇಳಿ, ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರಿಗೆ ತೋರಿಸಿ. ಮೊಣಕಾಲು ತರಚಿದಾಗಲೆಲ್ಲ ಒಂದೊಂದು ಇಂಜೆಕ್ಷನ್ ಮಾಡಿಸುವ ಅಭ್ಯಾಸ ನಮ್ಮ ಕಡೆ ಇದೆ. ಹಿಂದಿನ ಡೋಸ್‌ಗಳೆಲ್ಲ ಸರಿಯಾಗಿ ಆಗಿದ್ದರೆ ಪ್ರತಿ ಸಲವೂ ಅದು ಬೇಕಾಗುವುದಿಲ್ಲ. ಪದೇ ಪದೇ ಹಾಕಿಸಿದರೆ ತೋಳು ವಿಪರೀತ ಊದುವುದೂ ಉಂಟು. ಬೇಕೋ ಬೇಡವೋ ಎಂದು ಡಾಕ್ಟರು ಹೇಳಬೇಕಾದರೆ ಹಿಂದಿನದು ಯಾವಾಗ ಆಯಿತು ಎಂಬುದು ಅವರಿಗೆ ಗೊತ್ತಾಗಬೇಕು. ಅದಕ್ಕೆ ನಿಮ್ಮ ತಾಯಿ ಕಾರ್ಡನ್ನು ಅಮ್ಮನ ಹತ್ತಿರ ಕೇಳಿ ತೆಗೆದು ನೋಡಿ. ಶಾಲೆಯಲ್ಲಿ ಹಾಕಿಸಿಕೊಂಡ ದಿನಾಂಕವನ್ನೂ ಅದರಲ್ಲೇ ಬರೆಸಿಡಿ.

ಆ ದಿನ ಶಾಲೆಗೆ ಹೋಗಿರಲಿಲ್ಲವೇ? ಹನ್ನೊಂದೋ ಹನ್ನೆರಡೋ ಆಗಿಹೋಯಿತೇ? ಪರವಾಗಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಟಿಡಿ ಉಚಿತವಾಗಿ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಬಹುತೇಕ ಕಡೆ ಗುರುವಾರ ಲಸಿಕೆಯ ದಿನ. ನಿಮ್ಮ ಬೀದಿಯ ಆಶಾ ಅಕ್ಕನನ್ನು ಕೇಳಿದರೆ ಎಷ್ಟು ಗಂಟೆಗೆ, ಎಲ್ಲಿಗೆ ಬರಬೇಕು ಎಂದು ಅವರೇ ಹೇಳುತ್ತಾರೆ.